ಅಪ್‌ಡೇಟ್: ಪೀಸ್ ಲಿಲಿ ಹೂ ಬಿಟ್ಟಿದೆ!

ಧಾರವಾಡದ ನಮ್ಮ ಮನೆಯ ಪೀಸ್ ಲಿಲಿ (ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಅಲಂಕಾರದ ಗಿಡ) ಹೂ ಬಿಡುತ್ತಿಲ್ಲ, ಎಲೆ ತುದಿಯೂ ಕಂದಾಗುತ್ತಿದೆ ಅಂತ ಕೇಳಿದ್ದೆ ಅಲ್ವಾ? ನೀವು ಹೇಳಿದಂತೆ ಕುಂಡವನ್ನು ಒಳಮೂಲೆಯಿಂದ ಪೂರ್ವದ ಕಿಟಕಿ ಹತ್ತಿರ ತಂದೆ. ನೇರ ಬಿಸಿಲು ತಾಗದಂತೆ ತೆಳು ಪರದೆ ಹಾಕಿದೆ. ಬೋರ್‌ವೆಲ್ ನೀರು ನಿಲ್ಲಿಸಿ, ಹಿಡಿದಿಟ್ಟ ಮಳೆನೀರನ್ನು ಮೇಲ್ಮಣ್ಣು ಒಣಗಿದಾಗ ಮಾತ್ರ ಹಾಕುತ್ತಿದ್ದೇನೆ. ಬೋರ್‌ವೆಲ್ ನೀರಿನಿಂದ ಮಣ್ಣಿನಲ್ಲಿ ಉಪ್ಪಿನಂಶ ಜಾಸ್ತಿಯಾದರೆ ಎಲೆ ತುದಿ ಸುಡುತ್ತದೆ ಎಂದಿದ್ದಿರಿ. ಹಳೆ ಎಲೆಗಳ ಕಂದು ಹೋಗಿಲ್ಲ, ಹೊಸವೆಲ್ಲ ಅಚ್ಚ ಹಸಿರು!

ಈಗ ಹೂವೂ ಬಂದಿದೆ, ತುಂಬಾ ಖುಷಿ. ಹೂವಿನ ದಳದಂತೆ ಕಾಣುವ ಬಿಳಿ ಭಾಗ ಒಂದು ಬಗೆಯ ಎಲೆ, ನಿಜವಾದ ಪುಟ್ಟ ಹೂಗಳು ನಡುವಿನ ದಿಂಡಿನಲ್ಲಿರುತ್ತವೆ. ಇದು ಕೆಸುವಿನ ಕುಟುಂಬದ ಗಿಡ, ಅಗಿದರೆ ಬಾಯಿ ಉರಿಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳು, ಬೆಕ್ಕು ಇದ್ದರೆ ಕೈಗೆಟುಕದ ಹಾಗೆ ಇಡಿ.