ಅಡಿಕೆ ದುಡ್ಡು, ದಶಮಾಂಶ ಮತ್ತು ಪಕ್ಕದ ಮನೆಯ ಕಾರು

(ನಮ್ಮ ಕ್ರೈಸ್ತ ಸಭೆಗಳ ಗುಂಪಿನ ಪ್ರಶ್ನೋತ್ತರ. ಉತ್ತರ ಕೊಡುವವರು ಕೃಷಿ ಸಾಲ ವಿಭಾಗದಲ್ಲಿದ್ದು ನಿವೃತ್ತರಾದ ಬ್ಯಾಂಕ್ ಅಧಿಕಾರಿ, ಈಗ ಸಭೆಯ ಖಜಾಂಚಿ.)

ಪ್ರಶ್ನೆ, ತೀರ್ಥಹಳ್ಳಿ ಕಡೆಯ ಸಹೋದರಿ:
ಸರ್, ವಂದನೆ. ನಮಗೆ ಎರಡು ಎಕರೆ ಅಡಿಕೆ ತೋಟ. ಎಲೆಚುಕ್ಕೆ ರೋಗ ಬಂದ ಮೇಲೆ ಫಸಲು ಅರ್ಧಕ್ಕಿಳಿದಿದೆ. ಈ ಸಲ ಅಡಿಕೆ ಮಾರಿ, 5 ಲಕ್ಷ ಸಾಲ ಮಾಡಿ ಕಾರು ತಗೊಳ್ಳೋಣ ಅಂತಾರೆ ನಮ್ಮ ಯಜಮಾನರು. ಪಕ್ಕದ ಮನೆಗೆ ಬಂದಾಗಿದೆ, ಅದಕ್ಕೇ ಅಂತ ನನ್ನ ಅನುಮಾನ. ಇದ್ದದ್ದರಲ್ಲಿ ತೃಪ್ತಿಯಾಗಿರೋಣ ಅಂದರೆ "ತೃಪ್ತಿ ಅಂತ ಕೂತರೆ ತೋಟವೂ ಉಳಿಯಲ್ಲ" ಅಂತಾರೆ. ಇನ್ನೊಂದು, ದಶಮಾಂಶವನ್ನು (ಆದಾಯದಲ್ಲಿ ಸಭೆಗೆ ಕೊಡೋ ಹತ್ತನೇ ಒಂದು ಪಾಲು) ಮಂಡಿ ಪಟ್ಟಿಯ, ಅಂದರೆ ಅಡಿಕೆ ಮಾರಿದ ಲೆಕ್ಕದ ಚೀಟಿಯ, ಒಟ್ಟು ಮೊತ್ತದ ಮೇಲೆ ಕೊಡಬೇಕೋ, ಖರ್ಚು ಕಳೆದೋ? ಸಹಕಾರಿ ಸೊಸೈಟಿ ಸಾಲ, ಮಂಡಿಯಿಂದ ತಂದ ಮುಂಗಡ ಎರಡೂ ಇದೆ.

ಉತ್ತರ:
ವಂದನೆ ಅಮ್ಮ. ತೋಟದ ವಿಷಯದಲ್ಲಿ ನಿಮ್ಮ ಯಜಮಾನರ ಮಾತು ಸರಿ. ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರಲು ಕಲಿತಿದ್ದೇನೆ ಅಂತ ಫಿಲಿಪ್ಪಿಯ ಸಭೆಯವರಿಗೆ ಬರೆದಾಗ ಅಪೊಸ್ತಲ ಪೌಲ ಸೆರೆಯಲ್ಲಿದ್ದ. ಹಾಗಂತ ಅವನು ಕೈಕಟ್ಟಿ ಕೂತವನಲ್ಲ, ಗುಡಾರ ಮಾಡಿ ದುಡಿದು ಉಂಡವನು. ರೋಗ ಬಿದ್ದ ಸೋಗೆ ಆರಿಸಿ ಸುಡೋದು, ಮಳೆ ಹಿಡಿಯೋ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋದು ಅತೃಪ್ತಿಯಲ್ಲ. ನಮಗೆ ಒಪ್ಪಿಸಿದ್ದನ್ನು ನೋಡಿಕೊಳ್ಳೋದು ಅಷ್ಟೇ.

ನಮ್ಮ ಕಡೆಯ ಸೊಪ್ಪಿನ ಬೆಟ್ಟ ನೋಡಿ. ಜಾಗ ಸರ್ಕಾರದ್ದು, ತೋಟಕ್ಕೆ ಸೊಪ್ಪು ತರೋ ಹಕ್ಕು ನಮ್ಮದು. ಕೊಂಬೆ ಸವರಿ ಚಿಗುರೋಕೆ ಬಿಟ್ಟವರ ಬೆಟ್ಟ ಇವತ್ತಿಗೂ ಹಸಿರಾಗಿದೆ, ಬುಡಕ್ಕೇ ಕತ್ತಿ ಹಾಕಿದವರ ಬೆಟ್ಟದಲ್ಲಿ ಯುಪಟೋರಿಯಂ ಕಳೆ ಬಿಟ್ಟರೆ ಏನೂ ಇಲ್ಲ. ಭೂಮಿ ನನ್ನದು, ನೀವು ನನ್ನ ಬಳಿ ಇಳಿದುಕೊಂಡವರು ಅಂತ ಯಾಜಕಕಾಂಡ 25ರಲ್ಲಿ ದೇವರು ಹೇಳೋದೂ ಇದನ್ನೇ. ಪಹಣಿಯಲ್ಲಿ ನಮ್ಮ ಹೆಸರಿದ್ದರೂ ನಾವು ಮನೆವಾರ್ತೆಯವರು, ಒಡೆಯನ ಆಸ್ತಿ ನೋಡಿಕೊಳ್ಳೋರು.

ಇನ್ನು ಕಾರು. ಕಾರು ಪಾಪ ಅಲ್ಲ. ಆದರೆ ಗೋಪುರ ಕಟ್ಟೋನು ಮೊದಲು ಕೂತು ಖರ್ಚು ಎಣಿಸಲಿ ಅಂತ ಲೂಕ 14ರಲ್ಲಿ ಯೇಸುಸ್ವಾಮಿಯೇ ಹೇಳಿದ್ದಾರೆ, ಎಣಿಸೋಣ. 5 ಲಕ್ಷಕ್ಕೆ ಶೇ. 9ರಂತೆ 5 ವರ್ಷ ಅಂದರೆ ತಿಂಗಳ ಕಂತು ಸುಮಾರು ₹10,400. ಅಡಿಕೆ ದುಡ್ಡು ವರ್ಷಕ್ಕೊಂದು ಎರಡು ಸಲ ಬರುತ್ತೆ, ಕಂತು ಪ್ರತಿ ತಿಂಗಳೂ ಬರುತ್ತೆ. ಆಷಾಢದಲ್ಲಿ ಕೈ ಖಾಲಿಯಾದಾಗ ಏನು ಮಾಡ್ತೀರಿ? ಮತ್ತೆ ಮಂಡಿ ಮುಂಗಡ, ಇಲ್ಲಾ ಕೈಸಾಲ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದಾಗ ಸಣ್ಣದಾಗಿ ಕೇಳಿಸುತ್ತೆ, ಅದು ವರ್ಷಕ್ಕೆ ಶೇ. 36. ಮುಂಗಡ ಕೊಟ್ಟ ಮಂಡಿಗೇ ಅಡಿಕೆ ಹಾಕಬೇಕು, ರೇಟು ಏರಲಿ ಅಂತ ಚೀಲ ಮನೆಯಲ್ಲಿಟ್ಟು ಕಾಯೋ ಹಾಗಿಲ್ಲ. ತೃಪ್ತಿಯಿಂದ ಕೈಗೆ ಸಿಗೋ ಲಾಭ ನನ್ನ ಪ್ರಕಾರ ಇದೇ, ಕಾಯೋಕೆ ಆಗುತ್ತೆ. ಸೊಸೈಟಿ ಬೆಳೆಸಾಲವನ್ನಂತೂ ವಾಯಿದೆಯೊಳಗೆ ಕಟ್ಟಿಬಿಡಿ. ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತೆ.

ದಶಮಾಂಶಕ್ಕೆ ಹೊಸ ಒಡಂಬಡಿಕೆ ಸಭೆಗೆ ಇಷ್ಟೇ ಅಂತ ದರ ಹಾಕಿಲ್ಲ. ಹೃದಯದಲ್ಲಿ ನಿಶ್ಚಯಿಸಿದಂತೆ, ಬಲವಂತವಿಲ್ಲದೆ ಕೊಡಿ ಅಂತ 2 ಕೊರಿಂಥ 9:7. ನಾನು ಹೇಳೋದು, ಕೊನೆಗಾರರ (ಅಡಿಕೆ ಗೊನೆ ಇಳಿಸೋರ) ಕೂಲಿ, ಸುಲಿತ, ಗೊಬ್ಬರ, ಔಷಧಿ ಕಳೆಯಿರಿ, ಮನೆಖರ್ಚು ಕಳೆಯಬೇಡಿ. ಅಡಿಕೆ ಸುಲಿದ ಹೆಂಗಸರ ಕೂಲಿ ಬಾಕಿ ಇಟ್ಟು ಕಾಣಿಕೆ ಚೀಲ ತುಂಬಿಸಬೇಡಿ, ಯಾಕೋಬ 5:4 ಓದಿದರೆ ಯಾಕೆ ಅಂತ ಗೊತ್ತಾಗುತ್ತೆ. ಸಭೆಯ ಬೆಳೆ ಹಬ್ಬದ ಹರಾಜಿನಲ್ಲಿ ಹಠಕ್ಕೆ ಬಿದ್ದು ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗಿದ್ದನ್ನೂ ದಶಮಾಂಶಕ್ಕೆ ಸೇರಿಸೋರಿದ್ದಾರೆ. ಖಜಾಂಚಿಯಾಗಿ ನನಗೆ ಸಂತೋಷವೇ, ಆದರೂ ಅದನ್ನು ಬೇರೆ ಬರೀರಿ.

ಸಾಗರದ ಒಬ್ಬ ಸಹೋದರ:
ಬ್ರದರ್, ಮಲಾಕಿ 3:10ರಲ್ಲಿ ದಶಮಾಂಶವನ್ನೆಲ್ಲಾ ಭಂಡಾರಕ್ಕೆ ತಂದು "ನನ್ನನ್ನು ಪರೀಕ್ಷಿಸಿ" ಅಂತ ಇದೆಯಲ್ಲ? ಸಾಲ ಮಾಡಿ ಕೊಟ್ಟರೂ ದುಪ್ಪಟ್ಟು ಬರುತ್ತೆ ಅಂತ ಒಂದು ಕೂಟದಲ್ಲಿ ಕೇಳಿದ್ದೆ.

ಉತ್ತರ:
ಇದನ್ನು ನಾನು ಒಪ್ಪಲ್ಲ. ಮಲಾಕಿಯಲ್ಲಿ ಭಂಡಾರಕ್ಕೆ ತರಬೇಕಾಗಿದ್ದು ಬೆಳೆದ ಬೆಳೆಯ ಪಾಲು, ಸಾಲದ ದುಡ್ಡಲ್ಲ. ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು, ಇಲ್ಲದ್ದನ್ನು ಕೇಳಲ್ಲ ಅಂತ 2 ಕೊರಿಂಥ 8:12 ಸ್ಪಷ್ಟವಾಗಿದೆ. ತಂದೆತಾಯಿಗೆ ಕೊಡಬೇಕಾದ್ದನ್ನು ಕೊರ್ಬಾನ್, ದೇವರಿಗೆ ಮುಡಿಪು ಅಂತ ಹೇಳಿ ತಪ್ಪಿಸಿಕೊಂಡವರನ್ನು ಯೇಸು ಗದರಿದ್ದು ಮಾರ್ಕ 7ರಲ್ಲಿದೆ. ಚಿನ್ನ ಅಡವಿಟ್ಟು ಕಾಣಿಕೆ ಕೊಟ್ಟವರನ್ನು ಕೌಂಟರಿನಲ್ಲಿ ನೋಡಿದ್ದೇನೆ ಬ್ರದರ್. ದುಪ್ಪಟ್ಟಾಗಿದ್ದು ಬಡ್ಡಿ.

ಮೊದಲ ಪ್ರಶ್ನೆ ಕೇಳಿದವರ ಯಜಮಾನರು:
ಸರ್, ಕಾರು ಕೇಳಿದವನು ನಾನೇ. ಪಕ್ಕದ ಮನೆ ನೋಡಿ ಅಲ್ಲ. ಅಮ್ಮನನ್ನು ತಿಂಗಳಿಗೆ ಎರಡು ಸಲ ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಬೇಕು. ಬಾಡಿಗೆ ಗಾಡಿಗೆ ಒಂದು ಸಲಕ್ಕೆ 2,500.

ಉತ್ತರ:
ಒಳ್ಳೇದಾಯ್ತು ನೀವೇ ಬರೆದಿದ್ದು. ಹಾಗಾದರೆ ಅದು ಆಸೆಯಲ್ಲ, ಅಗತ್ಯ. ಆದರೂ ಬಾಡಿಗೆ ತಿಂಗಳಿಗೆ 5,000, ಕಂತು 10,400, ಅದರ ಮೇಲೆ ಇನ್ಶೂರೆನ್ಸ್, ಪೆಟ್ರೋಲು. ಈ ವರ್ಷ ಬಾಡಿಗೆ ಗಾಡಿಯೇ ಅಗ್ಗ. ಸೊಸೈಟಿಯದ್ದೂ ಮುಂಗಡದ್ದೂ ತೀರಿಸಿ, ಮುಂದಿನ ಫಸಲಿನಲ್ಲಿ ಉಳಿದರೆ ಸಾಲ ಇಲ್ಲದೆ ಒಂದು ಸೆಕೆಂಡ್ ಹ್ಯಾಂಡ್ ನೋಡಿ. ತಗೊಳ್ಳೋ ಮುಂಚೆ ಗೊತ್ತಿರೋ ಮೆಕ್ಯಾನಿಕ್ಕಿಗೆ ತೋರಿಸಿ, ನಮ್ಮ ಮಳೆಗೆ ಗಾಡಿಯ ಅಡಿಭಾಗ ಬೇಗ ತುಕ್ಕು ಹಿಡಿಯುತ್ತೆ. ಮಂಡಿ ಪಟ್ಟಿ ಕೈಗೆ ಬಂದ ದಿನವೇ ಇಬ್ಬರೂ ಕೂತು ಲೆಕ್ಕ ಬರೀರಿ. ಸಂಶಯ ಇದ್ದರೆ ಪಟ್ಟಿಯ ಫೋಟೊ ನನಗೊಬ್ಬನಿಗೇ ಕಳಿಸಿ, ಗುಂಪಿಗೆ ಹಾಕಬೇಡಿ.