ಹ್ಯಾಮ್ ಕ್ಲಬ್‌ಗೆ ‘ಸ್ಥಳೀಯ ಸದಸ್ಯ’ ಅಂದರೆ ಯಾರು? ಹೊಸೂರು ಒಳಗೆ, ತುಮಕೂರು ಹೊರಗೆ ಆಗಬಹುದೇ?

ಡೈಪೋಲ್_ಬೆಂಗಳೂರು:
ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಕ್ಲಬ್‌ನ ಬೈಲಾ (ಆಂತರಿಕ ನಿಯಮಾವಳಿ) ತಿದ್ದುತ್ತಿದ್ದೇವೆ. ಈಗಿರುವುದು ಒಂದೇ ಸಾಲು: ‘ಬೆಂಗಳೂರಿನ ನಿವಾಸಿಗಳು ಸದಸ್ಯರಾಗಬಹುದು.’ ಹೊಸೂರಿನಿಂದ ತಿಂಗಳ ಸಭೆಗೆ ತಪ್ಪದೆ ಬರುವವರಿದ್ದಾರೆ, ರಾಜ್ಯ ಬೇರೆ. ಪುಣೆಗೆ ಹೋಗಿ ನೆಲೆಸಿದವರು ಇನ್ನೂ ಮತದಾರರ ಪಟ್ಟಿಯಲ್ಲಿದ್ದಾರೆ. ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಸ್ಟೇಷನ್ ಗುರುತು) ನೋಡಿ ನಿರ್ಧರಿಸೋಣ ಎನ್ನುವುದು ಕಮಿಟಿಯಲ್ಲಿ ಒಬ್ಬರ ಸಲಹೆ, ರಿಪೀಟರ್‌ಗೆ (ಸಂಕೇತ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಎತ್ತರದ ಸ್ಟೇಷನ್) ಸಿಗುವವರೆಲ್ಲ ಸ್ಥಳೀಯರು ಎನ್ನುವುದು ಇನ್ನೊಬ್ಬರ ವಾದ. ಯಾವುದು ನಿಲ್ಲುತ್ತದೆ?

ಮಾರ್ಸ್_ಕೀ:
ಎರಡೂ ನಿಲ್ಲುವುದಿಲ್ಲ ಓಎಂ (ಹ್ಯಾಮ್ ಭಾಷೆಯಲ್ಲಿ ಗೆಳೆಯ).

ನಮ್ಮಲ್ಲಿ ಕಾಲ್‌ಸೈನ್‌ನ ಅಂಕಿ ಊರು ಹೇಳುವುದಿಲ್ಲ. ವಿಯು2 ಅಂದರೆ ಜನರಲ್ ದರ್ಜೆಯ ಲೈಸೆನ್ಸ್, ವಿಯು3 ಅಂದರೆ ರಿಸ್ಟ್ರಿಕ್ಟೆಡ್, ಅಷ್ಟೆ. ಬೀದರಿನವರಿಗೂ ಕೊಚ್ಚಿಯವರಿಗೂ ಅದೇ ಅಂಕಿ. ಜಾಗ ಗೊತ್ತಾಗುವುದು ಅಂಡಮಾನ್ ನಿಕೋಬಾರ್‌ನ ವಿಯು4, ಲಕ್ಷದ್ವೀಪದ ವಿಯು7 ಇಂಥವುಗಳಲ್ಲಿ ಮಾತ್ರ.

ರಿಪೀಟರ್ ಅಳತೆ ಇನ್ನೂ ಕಷ್ಟ. ವಿಎಚ್‌ಎಫ್‌ನ (ಇಂಥ ರಿಪೀಟರ್ ಬಳಸುವ ತರಂಗಪಟ್ಟಿ) ರೇಡಿಯೊ ದಿಗಂತಕ್ಕೆ, ಅಂದರೆ ಸಂಕೇತ ನೇರವಾಗಿ ತಲುಪುವ ದೂರಕ್ಕೆ, ಆಂಟೆನಾ ಎತ್ತರದ (ಮೀಟರಿನಲ್ಲಿ) ವರ್ಗಮೂಲವನ್ನು 4.12ರಿಂದ ಗುಣಿಸಬೇಕು. ಸುತ್ತಲ ನೆಲಕ್ಕಿಂತ 100 ಮೀಟರ್ ಮೇಲಿರುವ ರಿಪೀಟರ್‌ಗೆ 41 ಕಿ.ಮೀ., ಕಾರಿನ ಮೇಲಿನ 2 ಮೀಟರ್ ಎತ್ತರದ ಆಂಟೆನಾಕ್ಕೆ ಸುಮಾರು 6, ಒಟ್ಟು 47. ಇದು ಬಯಲಿನ ಲೆಕ್ಕ. ನಡುವೆ ಗುಡ್ಡ ಬಂದರೆ 20 ಕಿ.ಮೀ. ದೂರದವರೂ ಸಿಗುವುದಿಲ್ಲ, ತಾರಸಿಯ ಮೇಲೆ ಯಾಗಿ (ಒಂದೇ ದಿಕ್ಕಿಗೆ ಬಲ ಕೊಡುವ ಆಂಟೆನಾ) ಕಟ್ಟಿದವರು 80 ಕಿ.ಮೀ.ನಿಂದಲೂ ಸ್ಕ್ವೆಲ್ಚ್ (ಸಂಕೇತವಿಲ್ಲದಾಗ ರಿಪೀಟರ್ ಸುಮ್ಮನಿರಿಸುವ ತಡೆ) ತೆರೆಸುತ್ತಾರೆ. ಆಂಟೆನಾ ಬದಲಿಸಿದ ಕೂಡಲೇ ಸದಸ್ಯತ್ವ ಬದಲಾಗುವ ನಿಯಮ ಯಾರಿಗೆ ಬೇಕು? ರಿಪೀಟರ್ ಕೆಟ್ಟು ಕೂತರಂತೂ ಕ್ಲಬ್‌ಗೆ ಒಬ್ಬ ಸ್ಥಳೀಯನೂ ಇರುವುದಿಲ್ಲ.

ಕೋರಂ_ಬೇಕು:
ಮತದ ಹಕ್ಕು, ಕಾಂಟೆಸ್ಟ್ (ಹೆಚ್ಚು ಸ್ಟೇಷನ್‌ಗಳನ್ನು ಸಂಪರ್ಕಿಸುವ ಸ್ಪರ್ಧೆ) ಅಂಕ, ಚಂದಾದ ದರ ಮೂರನ್ನೂ ‘ಸ್ಥಳೀಯ’ ಎಂಬ ಒಂದೇ ಗೂಟಕ್ಕೆ ಕಟ್ಟಬೇಡಿ. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲು ಮತ. ಕ್ಲಬ್ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಣಿಯಾಗಿದ್ದರೆ ಸದಸ್ಯ ಯಾರು ಎಂಬುದು ನಿಮ್ಮ ಬೈಲಾದಂತೆ. ಹೊಸೂರಿನವರನ್ನು ಸೇರಿಸುವುದಾದರೆ ಅದನ್ನು ಬೈಲಾದಲ್ಲೇ ಬರೆಯಿರಿ, ಪ್ರತಿ ಸಲ ಕಮಿಟಿ ನಿರ್ಣಯಿಸುವ ವಿಷಯ ಅದಾಗಬಾರದು.

ಊರು ಬಿಟ್ಟವರನ್ನು ಪೂರ್ಣ ಸದಸ್ಯರಾಗಿ ಇಟ್ಟುಕೊಂಡರೆ ಏಟು ಬೀಳುವುದು ಕೋರಂಗೆ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ). 60 ಸದಸ್ಯರು, ಕೋರಂ ಮೂರನೇ ಒಂದು ಎಂದುಕೊಳ್ಳಿ: ಸಭೆಗೆ 20 ಜನ ಬೇಕು. ಆ 60ರಲ್ಲಿ 22 ಜನ ಊರು ಬಿಟ್ಟಿದ್ದರೆ ಉಳಿದ 38ರಲ್ಲೇ 20 ಜನ ಬರಬೇಕು. ಮಳೆಗಾಲದ ಭಾನುವಾರ ಅಷ್ಟು ಜನ ಬರುವುದಿಲ್ಲ. ಆ 22 ಜನ ಮತವಿಲ್ಲದ ಸಹಸದಸ್ಯರಾದರೆ 13 ಸಾಕು.

ಆಜೀವ ಸದಸ್ಯರ ವಿಷಯದಲ್ಲಿ ಮಾತ್ರ ಹುಷಾರು. ದುಡ್ಡು ಕಟ್ಟಿಸಿಕೊಂಡ ಮೇಲೆ ಮತ ಕಿತ್ತುಕೊಂಡರೆ ಜಗಳ ಖಚಿತ. ಹೊಸ ನಿಯಮ ಮುಂದೆ ಸೇರುವವರಿಗೆ ಅನ್ವಯಿಸಲಿ. ಹಳಬರು ತಾವಾಗಿ ಬರೆದುಕೊಟ್ಟರೆ ಸಹಸದಸ್ಯರಾಗಲಿ. ತಿದ್ದುಪಡಿಯನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸುವುದನ್ನು ಮರೆಯಬೇಡಿ, ಮಿನಿಟ್ಸ್ ಪುಸ್ತಕದಲ್ಲಿ ಬರೆದಿಟ್ಟರೆ ಸಾಲದು.

ವಿಳಾಸಕ್ಕೆ ಪುರಾವೆಯಾಗಿ ಲೈಸೆನ್ಸ್‌ನಲ್ಲಿ ನಮೂದಾದ ಸ್ಟೇಷನ್ ವಿಳಾಸ ಕೇಳಿ. ಬಾಡಿಗೆ ಮನೆಯವರ ಆಧಾರ್‌ನಲ್ಲಿ ಹೆಚ್ಚಾಗಿ ಹುಟ್ಟೂರೇ ಇರುತ್ತದೆ. ಲೈಸೆನ್ಸ್ ಇಲ್ಲದ ಕೇಳುಗರಿಗೆ ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್ ಸಾಕು. ವರ್ಷದ ನಡುವೆ ಊರು ಬಿಟ್ಟವರ ಮತ ಮಾರ್ಚ್ 31ರವರೆಗೆ ಇರಲಿ.

ಪೈಲಪ್:
ಕಾಂಟೆಸ್ಟ್‌ಗೆ ನಿಮ್ಮ ಬೈಲಾದ ಗಡಿ ಲೆಕ್ಕಕ್ಕಿಲ್ಲ, ಆಯೋಜಕರದೇ ನಿಯಮ. ಸಿಕ್ಯು ವರ್ಲ್ಡ್‌ವೈಡ್ ಎಂಬ ಅಂತರರಾಷ್ಟ್ರೀಯ ಕಾಂಟೆಸ್ಟ್‌ನಲ್ಲಿ ಅಮೆರಿಕದ ಹೊರಗಿನ ಕ್ಲಬ್‌ಗಳ ಸದಸ್ಯರು ಕ್ಲಬ್ ಇರುವ ದೇಶದಲ್ಲಿ ಅಥವಾ ಕ್ಲಬ್ ಕೇಂದ್ರದಿಂದ 400 ಕಿ.ಮೀ. ವೃತ್ತದೊಳಗೆ ವಾಸವಿರಬೇಕು. ಹಾಗಾಗಿ ನಿಮ್ಮ ಪುಣೆಯವರ ಅಂಕ ನಿಮಗೆ ಸೇರುತ್ತದೆ, ದುಬೈಗೆ ಹೋದವರದು ಸೇರುವುದಿಲ್ಲ. ಕ್ಲಬ್ ಪಟ್ಟಿಯಲ್ಲಿ ಬರಬೇಕಾದರೆ ಸದಸ್ಯರ ಕನಿಷ್ಠ 4 ಲಾಗ್ (ಸಂಪರ್ಕಗಳ ದಾಖಲೆ) ಬೇಕು. ರಾಷ್ಟ್ರೀಯ ಸಂಸ್ಥೆಯ ಹೆಸರು ಹಾಕುವಂತಿಲ್ಲ.

ಅಂಕ ಕಳೆದುಹೋಗುವುದು ಹೆಚ್ಚಾಗಿ ಕ್ಯಾಬ್ರಿಲೋ (ಲಾಗ್ ಕಳಿಸುವ ನಮೂನೆ) ಫೈಲಿನ ‘ಕ್ಲಬ್’ ಸಾಲಿನಲ್ಲಿ. ಒಬ್ಬರು ಪೂರ್ತಿ ಹೆಸರು, ಇನ್ನೊಬ್ಬರು ಮೊದಲಕ್ಷರ ಬರೆದರೆ ಒಂದೇ ಕ್ಲಬ್ ಎರಡಾಗಿ ಕಾಣುವ ಅಪಾಯವಿದೆ. ಅಕ್ಟೋಬರ್ ಕೊನೆಯ ಎಸ್‌ಎಸ್‌ಬಿ (ಧ್ವನಿ ಸಂಪರ್ಕದ) ಕಾಂಟೆಸ್ಟ್ ವಾರಾಂತ್ಯಕ್ಕೆ ಮೊದಲೇ ಒಂದೇ ಬರಹರೂಪವನ್ನು ಎಲ್ಲರಿಗೂ ಕಳಿಸಿ, ಕಾಪಿ ಮಾಡಿ ಹಾಕಲಿ.

ಡೈಪೋಲ್_ಬೆಂಗಳೂರು:
ಅರ್ಥವಾಯಿತು. ಮತಕ್ಕೆ 60 ಕಿ.ಮೀ. ವೃತ್ತ ಇಡೋಣ ಎಂದುಕೊಂಡಿದ್ದೇವೆ. ದೂರವನ್ನು ಗ್ರಿಡ್ ಲೊಕೇಟರ್‌ನಿಂದ (ಭೂಪಟವನ್ನು ಚೌಕಗಳಾಗಿಸಿ ಜಾಗ ಗುರುತಿಸುವ ಹ್ಯಾಮ್ ಸಂಕೇತ) ಅಳೆದರೆ ಸಾಕಲ್ಲವೇ? ಕೇಂದ್ರ ಕ್ಲಬ್‌ನ ಕಚೇರಿ.

ಮಾರ್ಸ್_ಕೀ:
ಸಾಲದು. ಆರು ಅಕ್ಷರದ ಲೊಕೇಟರ್ ನಮ್ಮ ಅಕ್ಷಾಂಶದಲ್ಲಿ ಸುಮಾರು 9 ಕಿ.ಮೀ. ಅಗಲ, 4.6 ಕಿ.ಮೀ. ಎತ್ತರದ ಚೌಕ. ಲೆಕ್ಕ ಹಾಕುವ ಸಾಫ್ಟ್‌ವೇರ್ ಚೌಕದ ಮಧ್ಯಬಿಂದು ಹಿಡಿಯುತ್ತದೆ. ಬೆಂಗಳೂರಿನ ನಡುಭಾಗ ಎಂಕೆ82ಟಿಎಕ್ಸ್, ಕೋಲಾರ ಎಂಕೆ93ಬಿಡಿ. ಲೊಕೇಟರ್ ಲೆಕ್ಕದಲ್ಲಿ ಸುಮಾರು 57 ಕಿ.ಮೀ., ಅಕ್ಷಾಂಶ ರೇಖಾಂಶದ ಲೆಕ್ಕದಲ್ಲಿ 61ರ ಹತ್ತಿರ. ಒಂದರಲ್ಲಿ ಕೋಲಾರದವರಿಗೆ ಮತ ಉಂಟು, ಇನ್ನೊಂದರಲ್ಲಿ ಇಲ್ಲ! ದಶಾಂಶದ ಮೂರು ಸ್ಥಾನದವರೆಗೆ ಅಕ್ಷಾಂಶ ರೇಖಾಂಶ ತೆಗೆದುಕೊಳ್ಳಿ, ತಪ್ಪು ನೂರು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ.

60ರ ಬದಲು 75 ಇಡಿ. ಹೊಸೂರು (36), ರಾಮನಗರ (44) ಹೇಗೂ ಒಳಗೆ. ಕೋಲಾರ, ತುಮಕೂರು (67) ಕೂಡ ಬರುತ್ತವೆ. 127 ಕಿ.ಮೀ. ದೂರದ ಮೈಸೂರು ಹೊರಗೆ. ಗೆರೆಯ ಮೇಲೆ ದೊಡ್ಡ ಊರು ಬೀಳದಂತೆ ನೋಡಿಕೊಂಡರೆ ತಕರಾರು ಕಡಿಮೆ. ರಸ್ತೆಯ ದೂರವಲ್ಲ, ನೇರ ದೂರ ಎಂದು ಸ್ಪಷ್ಟವಾಗಿ ಬರೆಯಿರಿ.

ಇನ್ನು ಕಚೇರಿಯನ್ನು ಕೇಂದ್ರ ಮಾಡುವುದು ಬೇಡ. ನೋಂದಾಯಿತ ಕಚೇರಿ ಎಷ್ಟೋ ಕ್ಲಬ್‌ಗಳಲ್ಲಿ ಕಾರ್ಯದರ್ಶಿಯ ಮನೆಯೇ. ಚುನಾವಣೆಯಾಗಿ ಅದು ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋದರೆ ವೃತ್ತವೂ ಜೊತೆಗೆ ಹೋಗುತ್ತದೆ. ವಿಧಾನಸೌಧದಂಥ ಕದಲದ ಜಾಗದ ಅಕ್ಷಾಂಶ ರೇಖಾಂಶವನ್ನು ಬೈಲಾದಲ್ಲೇ ಅಚ್ಚು ಹಾಕಿಸಿ. 73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ).