ಅವ್ವನ ತತ್ವಪದ ರೆಕಾರ್ಡ್ ಮಾಡಬೇಕು: ಈಗಿರುವ ಮೈಕ್‌ನಲ್ಲಿ ದನಿ ಬಾವಿಯೊಳಗಿಂದ ಬಂದಂತಿದೆ, ಯಾವುದು ತಗೊಳ್ಳಲಿ?

ಪ್ರಶ್ನೆ (ಗಂಗಾವತಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 68 ವರ್ಷ. ಹಾರ್ಮೋನಿಯಂ ನುಡಿಸುತ್ತಾ ತತ್ವಪದ ಹಾಡುತ್ತಾರೆ. ಅಮ್ಮಮ್ಮನ ಬಾಯಿಂದ ಕೇಳಿ ಕಲಿತ ಪದಗಳು. ಕೆಲವನ್ನು ಎಲ್ಲೂ ಬರೆದಿಟ್ಟಿಲ್ಲ. ಅವ್ವನ ದನಿ ಗಟ್ಟಿ ಇರುವಾಗಲೇ ಎಲ್ಲವನ್ನೂ ರೆಕಾರ್ಡ್ ಮಾಡಿಡಬೇಕು ಅಂತ ಹಟ ಹಿಡಿದಿದ್ದೇನೆ.

ಹೋದ ತಿಂಗಳು ಆನ್‌ಲೈನ್‌ನಲ್ಲಿ 1,400 ರೂಪಾಯಿಗೆ ಒಂದು ಕಂಡೆನ್ಸರ್ ಮೈಕ್ ತರಿಸಿದೆ. ಸ್ಟ್ಯಾಂಡು, ಸ್ಪಂಜು, ವೈರು ಎಲ್ಲ ಜೊತೆಗೇ ಬಂದವು. ಫೋನಿನ ಹೆಡ್‌ಫೋನ್ ಜಾಕ್‌ಗೆ ಹಾಕಿ ರೆಕಾರ್ಡ್ ಮಾಡಿದರೆ ದನಿ ಎಲ್ಲೋ ದೂರದಿಂದ ಕೇಳುತ್ತದೆ. ಹಿಂದೆ ಸುಂಯ್ ಅನ್ನುವ ಸದ್ದು. ಹಾರ್ಮೋನಿಯಂ ಜೋರು, ಪದದ ಅಕ್ಷರ ಮಾತ್ರ ತಿಳಿಯುವುದಿಲ್ಲ.

ಕೂರುವುದು ಪಡಸಾಲೆಯಲ್ಲಿ. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆ ಖಾಲಿ. ಮೈಕ್ ಅವ್ವನಿಂದ ಎರಡು ಅಡಿ ದೂರ ಇರುತ್ತದೆ. ಕೂಲರ್ ಬಂದ್ ಮಾಡಿದರೆ ಈ ಬಿಸಿಲಿಗೆ ಹತ್ತು ನಿಮಿಷ ಕೂರುವುದೂ ಕಷ್ಟ. ಎರಡು ಬೀದಿ ಆಚೆ ರೈಸ್ ಮಿಲ್ ಇದೆ. ಹಳೇ ಲ್ಯಾಪ್‌ಟಾಪ್ ಒಂದಿದೆ. ಬಜೆಟ್ 6,000 ರೂಪಾಯಿ. ಯಾವ ಮೈಕ್ ತಗೊಳ್ಳಲಿ?

ಉತ್ತರ (ಬಳ್ಳಾರಿಯಿಂದ)

ಅಣ್ಣಾ, ದುಡ್ಡು ಹಾಕುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ, ಮೈಕ್‌ನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಫೋನಿನ ಕೆಳಗಿರುವ ಸಣ್ಣ ತೂತಿನ ಹತ್ತಿರವೂ ಹಾಗೇ ಕೆರೆಯಿರಿ. ಯಾವುದು ಜೋರಾಗಿ ಕೇಳುತ್ತದೆ, ಹೇಳಿ.

ಹಾಗೇ ವೈರಿನ ಪಿನ್ ನೋಡಿ. ಅದರ ಮೇಲೆ ಕಪ್ಪು ಗೆರೆ ಎಷ್ಟಿವೆ, ಎರಡೋ ಮೂರೋ?

ಗಂಗಾವತಿಯಿಂದ

ಕೆರೆದು ನೋಡಿದೆ. ಮೈಕ್ ಕೆರೆದದ್ದು ಕೇಳಲೇ ಇಲ್ಲ! ಫೋನ್ ಕೆರೆದದ್ದು ಕರಕರ ಅಂತ ಕೇಳುತ್ತದೆ. ಪಿನ್ ಮೇಲೆ ಎರಡೇ ಗೆರೆ. ಅಂದರೆ ಇಷ್ಟು ದಿನ ಅವ್ವನ ದನಿ ಹಿಡಿದದ್ದು ಫೋನೇ?

ಬಳ್ಳಾರಿಯಿಂದ

ಹೌದಣ್ಣ, ಫೋನೇ. ಫೋನಿನ ಜಾಕ್‌ಗೆ ಮೂರು ಗೆರೆಯ ಪಿನ್ ಬೇಕು. ಎರಡು ಗೆರೆಯದ್ದು ಹಾಕಿದರೆ ಫೋನು ಅದನ್ನು ಮೈಕ್ ಅಂತ ತಿಳಿಯುವುದಿಲ್ಲ, ತನ್ನ ಮೈಕ್‌ನಲ್ಲೇ ರೆಕಾರ್ಡ್ ಮಾಡುತ್ತದೆ. ಈ ತೊಂದರೆ ಬಹಳ ಜನಕ್ಕೆ ಆಗಿದೆ, ಬೇಜಾರು ಮಾಡ್ಕೋಬೇಡಿ.

ಪಿನ್ ಬದಲಿಸುವ ಕನೆಕ್ಟರ್ ಸಿಗುತ್ತದೆ. ಆದರೆ ಅದೊಂದರಿಂದ ಕೆಲಸ ಮುಗಿಯುವುದಿಲ್ಲ. ಸ್ಟುಡಿಯೋ ನಮೂನೆಯ ಕಂಡೆನ್ಸರ್‌ಗೆ 48 ವೋಲ್ಟ್ ಕರೆಂಟ್ ಬೇಕು, ಅದಕ್ಕೆ ಫ್ಯಾಂಟಮ್ ಪವರ್ ಅನ್ನುತ್ತಾರೆ. ಫೋನಿನ ಜಾಕ್ ಕೊಡುವುದು ಎರಡು ಮೂರು ವೋಲ್ಟ್ ಅಷ್ಟೇ. ಅಷ್ಟರಲ್ಲಿ ಕೆಲಸ ಮಾಡಿದರೂ ದನಿ ಸಣ್ಣದು. ಅದನ್ನು ಏರಿಸಿದರೆ ಸುಂಯ್ ಸದ್ದೂ ಜೊತೆಗೇ ಏರುತ್ತದೆ. ಇನ್ನೊಂದು ವಿಷಯ. ಇಂಥ ದಪ್ಪ ಕಂಡೆನ್ಸರ್‌ಗಳಿಗೆ ಮೇಲಿನ ತುದಿಗೆ ಹಾಡಬಾರದು, ಪಕ್ಕಕ್ಕೆ ಹಾಡಬೇಕು. ಸಾಮಾನ್ಯವಾಗಿ ಕಂಪನಿ ಗುರುತು ಇರುವ ಬದಿ ಅದರ ಮುಖ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಮನೆಗೆ ನಾನು ಡೈನಾಮಿಕ್ ಮೈಕ್ ಅನ್ನುತ್ತೇನೆ. ಜಾತ್ರೆಯಲ್ಲಿ, ಭಜನೆಯಲ್ಲಿ ಕೈಯಲ್ಲಿ ಹಿಡಿಯುತ್ತಾರಲ್ಲ, ಆ ಜಾತಿಯದು. ಅದಕ್ಕೆ 48 ವೋಲ್ಟ್ ಬೇಡ. ಬಿದ್ದರೂ ತಡೆಯುತ್ತದೆ. ಕೂಲರ್‌ನ ತೇವಕ್ಕೂ ನಮ್ಮ ಕಡೆಯ ಧೂಳಿಗೂ ಕಂಡೆನ್ಸರ್‌ನಷ್ಟು ಬೇಗ ಕೆಡುವುದಿಲ್ಲ.

ಆದರೆ ಒಂದು ಮಾತು ಸರಿಯಾಗಿ ತಿಳಿಯಬೇಕು. ಡೈನಾಮಿಕ್ ಹೊರಗಿನ ಸದ್ದು ಹಿಡಿಯುವುದಿಲ್ಲ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಅದನ್ನು ಬಾಯಿಗೆ ಹತ್ತಿರ ಇಟ್ಟು ಹಾಡುತ್ತೇವೆ, ಅದಕ್ಕೇ ದನಿ ಮುಂದೆ ಬಂದು ಉಳಿದ ಸದ್ದು ಹಿಂದೆ ಸರಿಯುತ್ತದೆ. ದೂರ ಅರ್ಧ ಆದ ಹಾಗೆಲ್ಲ ದನಿ ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಏರುತ್ತದೆ. ನೀವು ಎರಡು ಅಡಿಯಿಂದ ಆರು ಇಂಚಿಗೆ ತಂದರೆ 12 ಡೆಸಿಬಲ್ ಲಾಭ, ಕೂಲರ್ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಎಷ್ಟೇ ದುಬಾರಿ ಮೈಕ್ ತಂದು ಎರಡು ಅಡಿ ದೂರ ಇಟ್ಟರೆ ಪಡಸಾಲೆ ಮತ್ತೆ ಬಾವಿಯಂತೆಯೇ ಕೇಳುತ್ತದೆ.

ಯಾವುದು ಅಂದರೆ, ಶೂರ್ ಎಸ್‌ಎಂ58 ಎಲ್ಲರಿಗೂ ಗೊತ್ತಿರುವುದು. 1966ರಿಂದ ಇದೆ, ಇವತ್ತಿಗೂ ವೇದಿಕೆಯ ಮೇಲೆ ಅದೇ. ಆದರೆ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಸಾಧನ) ಸೇರಿದರೆ ನಿಮ್ಮ ಬಜೆಟ್ ದಾಟುತ್ತದೆ. ತೀರಾ ಅಗ್ಗಕ್ಕೆ ಸಿಕ್ಕರೆ ಅದು ನಕಲಿ ಇರುವ ಸಂಭವವೇ ಜಾಸ್ತಿ, ಮುಟ್ಟಬೇಡಿ. ಬೆಹ್ರಿಂಗರ್ ಎಕ್ಸ್‌ಎಂ8500 ಅದಕ್ಕಿಂತ ಎಷ್ಟೋ ಅಗ್ಗ, ಹಾಡಿಗೆ ಚೆನ್ನಾಗಿದೆ. ಇವನ್ನು ಲ್ಯಾಪ್‌ಟಾಪ್‌ಗೆ ಜೋಡಿಸೋಕೆ ಬೆಹ್ರಿಂಗರ್ ಯುಎಂ2 ನಂಥ ಸಣ್ಣ ಇಂಟರ್‌ಫೇಸ್ ಬೇಕು. ಅದರಲ್ಲಿ 48 ವೋಲ್ಟೂ ಬರುವುದರಿಂದ ನಿಮ್ಮ ಈಗಿನ ಕಂಡೆನ್ಸರ್ ಕೂಡ ಎಕ್ಸ್‌ಎಲ್‌ಆರ್ ವೈರ್ (ತುದಿಯಲ್ಲಿ ಮೂರು ಕಡ್ಡಿ ಇರುವ ಮೈಕ್ ವೈರ್) ಹಾಕಿದರೆ ಜೀವ ಪಡೆಯಬಹುದು.

ಇಷ್ಟೆಲ್ಲ ಗೋಜು ಬೇಡ ಅಂದರೆ ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಇರುವ ಡೈನಾಮಿಕ್ ತಗೊಳ್ಳಿ. ಸ್ಯಾಮ್ಸನ್ ಕ್ಯೂ2ಯು, ಫಿಫೈನ್ ಎಎಂ8 ಆ ಥರದವು. ಒಂದೇ ವೈರು, ಲ್ಯಾಪ್‌ಟಾಪ್‌ಗೆ ನೇರ ಹಾಕಬಹುದು. ಮುಂದೆ ಇಂಟರ್‌ಫೇಸ್ ತಂದರೆ ಅದೇ ಮೈಕ್ ಅಲ್ಲಿಗೂ ಹೊಂದುತ್ತದೆ. ಅವ್ವನ ಹಾಡಿಗೆ ನಾನಾಗಿದ್ದರೆ ಇದನ್ನೇ ತಗೊಳ್ಳುತ್ತಿದ್ದೆ. ಬೆಲೆ ವಾರ ವಾರ ಬದಲಾಗುತ್ತದೆ, ನೋಡಿಕೊಂಡು ತಗೊಳ್ಳಿ.

ಉತ್ತರ (ಮಾನ್ವಿಯಿಂದ, ರಾಯಚೂರು ಜಿಲ್ಲೆ)

ತಮ್ಮಾ, ಬಳ್ಳಾರಿಯವರು ಹೇಳಿದ್ದು ಸರಿ. ನಾನು ನಮ್ಮ ಅತ್ತೆಯವರ ದಾಸರ ಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿದ್ದೇನೆ. ಜಗನ್ನಾಥದಾಸರ ಊರಲ್ವಾ ಇದು, ಇಲ್ಲಿ ಹಾಡುವವರಿಗೆ ಕಡಿಮೆ ಇಲ್ಲ.

ಮೊದಲು ಪಡಸಾಲೆ ಬಿಡಿ, ಬಟ್ಟೆಬರೆ ಜಾಸ್ತಿ ಇರುವ ಸಣ್ಣ ಕೋಣೆ ಹಿಡಿಯಿರಿ. ನಾವು ಹಾಸಿಗೆ ಇಡುವ ಕೋಣೆಯಲ್ಲಿ ಮಾಡಿದೆವು. ಮನೆಯಲ್ಲಿ ಕೌದಿ ಇದ್ದೇ ಇರುತ್ತದೆ. ಹಳೇ ಸೀರೆ ಏಳೆಂಟು ಪದರ ಸೇರಿಸಿ ಹೊಲಿದ ಭಾರದ ಕೌದಿ ಇದ್ದರೆ ಇನ್ನೂ ಒಳ್ಳೆಯದು. ಒಂದನ್ನು ನೆಲಕ್ಕೆ ಹಾಸಿ. ಎರಡನ್ನು ಹಗ್ಗಕ್ಕೆ ಹಾಕಿ ಹಾಡುವವರ ಬೆನ್ನ ಹಿಂದೆ ಇಳಿಬಿಡಿ. ಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳು ಜಾಗ ಇರಲಿ. ಬೆನ್ನ ಹಿಂದೆ ಯಾಕೆ ಅಂದರೆ ಮೈಕ್‌ನ ಮುಖ ಇರುವುದು ಆ ಕಡೆಗೇ. ಗೋಡೆಗೆ ಬಡಿದು ಬರುವ ಸದ್ದು ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ತೆಳ್ಳನೆ ಫೋಮ್ ತುಂಡುಗಳಿಗಿಂತ ನಮ್ಮ ಕೌದಿಯೇ ಜಾಸ್ತಿ ಕೆಲಸ ಮಾಡಿತು.

ಹಾರ್ಮೋನಿಯಂ ಜೋರಾಗುವುದಕ್ಕೂ ಉಪಾಯ ಇದೆ. ಮೈಕ್ ಅನ್ನು ಗದ್ದಕ್ಕಿಂತ ಸ್ವಲ್ಪ ಕೆಳಗೆ ಇಟ್ಟು ಬಾಯಿಯ ಕಡೆ ಮೇಲಕ್ಕೆ ಮುಖ ಮಾಡಿಸಿ. ಆಗ ಅದರ ಬೆನ್ನು ಹಾರ್ಮೋನಿಯಂ ಕಡೆ ಬೀಳುತ್ತದೆ. ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನೇ ಜಾಸ್ತಿ ಹಿಡಿಯುವ ಜಾತಿ) ಬೆನ್ನ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತದೆ. ಸ್ಟ್ಯಾಂಡನ್ನು ಮಾತ್ರ ಪೆಟ್ಟಿಗೆಯ ಮೇಲೆ ಇಡಬೇಡಿ, ತಿದಿ ಒತ್ತಿದಾಗಲೆಲ್ಲ ದಬ್ ದಬ್ ಅನ್ನುತ್ತದೆ. ಪಕ್ಕದಲ್ಲಿ ಬೇರೆ ಸ್ಟ್ಯಾಂಡ್ ನಿಲ್ಲಿಸಿ.

ಕೊಳ್ಳುವ ಮುಂಚೆ ಡೈನಾಮಿಕ್ ಹೇಗಿರುತ್ತದೆ ಅಂತ ನೋಡಬೇಕಾದರೆ ಊರಿನ ಮೈಕ್‌ಸೆಟ್‌ನವರನ್ನು ಕೇಳಿ. ನಾನು ಇಂಟರ್‌ಫೇಸ್ ಮಾತ್ರ ಕೊಂಡು, ಮೈಕ್ ಎರಡು ದಿನಕ್ಕೆ ಬಾಡಿಗೆ ತಂದಿದ್ದೆ. ಅವರ ವೈರಿನ ತುದಿಯಲ್ಲಿ ಪಿ-38 ಪಿನ್ (ದಪ್ಪನೆಯ ಒಂಟಿ ಕಡ್ಡಿಯ ಪಿನ್) ಇರುತ್ತದೆ, ಅದು ಬೇಡ. ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವ ವೈರ್ ಕೇಳಿ ತಗೊಳ್ಳಿ.

ಕೂಲರ್‌ಗೆ ಬೇರೆ ದಾರಿ ಇಲ್ಲ, ಬಂದ್ ಮಾಡಲೇಬೇಕು. ನಾವು ಬೆಳಗ್ಗೆ ಐದಕ್ಕೆ ಕೂರುತ್ತಿದ್ದೆವು. ಮನೆ ತಂಪಾಗಿರುತ್ತದೆ, ಬೀದಿಯೂ ಸುಮ್ನೆ ಇರುತ್ತದೆ. ವಯಸ್ಸಾದವರ ದನಿ ಎದ್ದ ಕೂಡಲೇ ಬಿಡುವುದಿಲ್ಲ. ಬಿಸಿನೀರು ಕೊಟ್ಟು, ಮೊದಲ ಎರಡು ಪದ ರೆಕಾರ್ಡ್ ಮಾಡದೆ ಹಾಡಿಸಿ.

ಗಂಗಾವತಿಯಿಂದ (ಹತ್ತು ದಿನದ ನಂತರ)

ಅಕ್ಕಾ, ಅಣ್ಣಾ, ಇಬ್ಬರಿಗೂ ಕೈ ಮುಗಿಯುತ್ತೇನೆ. ಯುಎಸ್‌ಬಿ-ಎಕ್ಸ್‌ಎಲ್‌ಆರ್ ಡೈನಾಮಿಕ್ ತಂದೆ. ಒಳಕೋಣೆ, ಮೂರು ಕೌದಿ, ಬೆಳಗ್ಗೆ ಐದೂಕಾಲು. ಮೊದಲ ಪದ ಹೆಡ್‌ಫೋನ್‌ನಲ್ಲಿ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಪಲ್ಲವಿ ಮುಗಿದ ಮೇಲೆ ಅವ್ವ ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಚಿಕ್ಕವನಿದ್ದಾಗ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದ ದನಿ ಅದೇ.

ಮೂರು ತೊಂದರೆ ಉಳಿದಿವೆ. ‘ಪ’, ‘ಭ’ ಬಂದಾಗ ಡಬ್ ಅನ್ನುತ್ತದೆ. ರೈಸ್ ಮಿಲ್‌ನ ಗುಂಯ್ ಸದ್ದು ಸಣ್ಣಗೆ ಇದೆ. ಮತ್ತೆ ಅವ್ವನ ಗಾಜಿನ ಬಳೆ. ಎಡಗೈಯಲ್ಲಿ ತಿದಿ ಒತ್ತಿದಾಗಲೆಲ್ಲ ಗಲ್ ಗಲ್ ಅನ್ನುತ್ತವೆ. ಬಳೆ ತೆಗೆಯಿರಿ ಅಂತ ಕೇಳೋಕೆ ನನಗೆ ಮನಸ್ಸಿಲ್ಲ, ಅವರು ತೆಗೆಯುವುದೂ ಇಲ್ಲ.

ಬಳ್ಳಾರಿಯಿಂದ

ಓದಿ ಬಹಳ ಖುಷಿ ಆಯ್ತಣ್ಣ. ‘ಪ’, ‘ಭ’ಕ್ಕೆ ಮೈಕನ್ನು ಬಾಯಿಯ ನೇರದಿಂದ ಎರಡು ಬೆರಳು ಪಕ್ಕಕ್ಕೆ ಸರಿಸಿ, ಮುಖ ಬಾಯಿಯ ಕಡೆಗೇ ಇರಲಿ. ಉಸಿರಿನ ಗಾಳಿ ನೇರ ಹೋಗುತ್ತದೆ, ದನಿ ಎಲ್ಲ ಕಡೆ ಹರಡುತ್ತದೆ. ಹಳೇ ಮೈಕ್‌ನ ಜೊತೆ ಬಂದ ಸ್ಪಂಜು ಹೊಂದಿದರೆ ಅದನ್ನೂ ಹಾಕಿ.

ಮಿಲ್ ಸದ್ದಿಗೆ ಆಡಾಸಿಟಿಯಲ್ಲಿ (ರೆಕಾರ್ಡಿಂಗ್ ತಿದ್ದುವ ಸಾಫ್ಟ್‌ವೇರ್) ಹೈ-ಪಾಸ್ ಫಿಲ್ಟರ್ ಇದೆ, ಅದು ತಗ್ಗಿನ ಸದ್ದನ್ನು ತಗ್ಗಿಸುತ್ತದೆ, 80 ಹರ್ಟ್ಜ್‌ಗೆ ಇಡಿ. ಅವ್ವನ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಆಮೇಲೂ ಗುಂಯ್ ಉಳಿದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಒಮ್ಮೆ ರೆಕಾರ್ಡ್ ಮಾಡಿ. ಎಷ್ಟೋ ಸಲ ಮಿಲ್ ಅಂದುಕೊಂಡದ್ದು ಮನೆಯ ಕರೆಂಟ್‌ನ 50 ಹರ್ಟ್ಜ್ ಸದ್ದಾಗಿರುತ್ತದೆ. ಲೆವೆಲ್ ಜೋರು ಪದದಲ್ಲೂ ಮೈನಸ್ 6 ಡೆಸಿಬಲ್ ದಾಟದಂತೆ ಇಟ್ಟುಕೊಳ್ಳಿ. ಫೈಲನ್ನು ವೇವ್ (WAV) ಆಗಿಯೇ ಉಳಿಸಿ. 16 ಬಿಟ್, 48 ಕಿಲೋಹರ್ಟ್ಜ್ ಮೋನೋದಲ್ಲಿ ಒಂದು ಗಂಟೆಗೆ 350 ಎಂಬಿ ಒಳಗೇ ಆಗುತ್ತದೆ. ಎರಡು ಕಡೆ ಕಾಪಿ ಇರಲಿ.

ಬಳೆ ತೆಗೆಯುವುದು ಬೇಡ ಅಣ್ಣಾ. ಮೊಣಕೈ ಕಡೆಗೆ ಮೇಲಕ್ಕೆ ಸರಿಸಿ, ಅದರ ಮೇಲೆ ಹತ್ತಿಯ ಕರವಸ್ತ್ರ ಸಡಿಲವಾಗಿ ಸುತ್ತಿ. ಕೊನೆಯ ಒಂದು ಪದವನ್ನು ಮಾತ್ರ ಕರವಸ್ತ್ರ ಬಿಚ್ಚಿ, ಬಳೆ ಸದ್ದಿನ ಸಮೇತ ಹಾಡಿಸಿ ಇಟ್ಟುಕೊಳ್ಳಿ.